ಪಕ್ಕದ ಸ್ಪೀಕರ್ ಕಿವಿಯ ಪಕ್ಕಕ್ಕೇ ಇರಲಿ

ಹಾಸನ, ಚಿಕ್ಕಮಗಳೂರು ಕಡೆ ಯಾರ ಮನೆಯಲ್ಲಿ ಹೋಂ ಥಿಯೇಟರ್ ಕಂಡರೂ ನನ್ನ ಕಣ್ಣು ಮೊದಲು ಹಿಂದಿನ ಎರಡು ಮೂಲೆಗಳಿಗೆ ಹೋಗುತ್ತದೆ. ಹೆಚ್ಚಿನ ಮನೆಗಳಲ್ಲಿ ಸರೌಂಡ್ ಸ್ಪೀಕರ್‌ಗಳು, ಅಂದರೆ ನಮ್ಮ ಸುತ್ತಲಿನ ಶಬ್ದ ನುಡಿಸುವ ಎರಡು ಸ್ಪೀಕರ್‌ಗಳು, ಅಲ್ಲೇ, ಸೂರಿಗೆ ತಾಗಿಕೊಂಡು ಕೂತಿರುತ್ತವೆ. ಚಿಕ್ಕಮಗಳೂರಿನ ನೆಂಟರೊಬ್ಬರಂತೂ ತಂತಿ ಸಾಲಲಿಲ್ಲವೆಂದು ಐದೂ ಸ್ಪೀಕರ್‌ಗಳನ್ನು ಟಿವಿಯ ಪಕ್ಕದಲ್ಲೇ ಸಾಲಾಗಿ ನಿಲ್ಲಿಸಿದ್ದರು. ಸಿನಿಮಾದ ಮಳೆ ಟಿವಿಯ ಗೋಡೆಯಲ್ಲೇ ಸುರಿಯುತ್ತಿತ್ತು, ನಮ್ಮ ಸುತ್ತ ಒಂದು ಹನಿಯೂ ಬೀಳಲಿಲ್ಲ. ಸ್ಪೀಕರ್ ಬದಲಾಯಿಸಬೇಕೆಂದು ಅವರು ಹೇಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಸ್ಪೀಕರ್ ಚೆನ್ನಾಗಿಯೇ ಇತ್ತು, ಜಾಗ ತಪ್ಪಿತ್ತು.

ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆಯನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಟಿವಿ ಹತ್ತು ಅಡಿಯ ಗೋಡೆಯ ಮೇಲಿರಲಿ.

ಮೊದಲು ಸೋಫಾ. ಅದನ್ನು ಹಿಂಗೋಡೆಯಿಂದ ಒಂದೂವರೆ ಅಡಿಯಾದರೂ ಮುಂದಕ್ಕೆ ಎಳೆಯಿರಿ. ತಲೆ ಗೋಡೆಗೆ ಒರಗಿದ್ದರೆ ಬಾಸ್ (ತಗ್ಗು ಸ್ವರದ ಶಬ್ದ) ಗುಂಯ್‌ಗುಡುತ್ತದೆ, ಹಿಂದಿನಿಂದ ಬರಬೇಕಾದ ಶಬ್ದಕ್ಕೂ ಜಾಗವಿರುವುದಿಲ್ಲ. ನೀವು ಕೂರುವ ಜಾಗ ಗೊತ್ತಾಗುವವರೆಗೆ ಡ್ರಿಲ್ ಯಂತ್ರವನ್ನು ಮುಟ್ಟಬೇಡಿ.

ಮುಂದಿನ ಮೂರು ಸ್ಪೀಕರ್‌ಗಳ ಕೆಲಸ ಸುಲಭ: ಸೆಂಟರ್ ಟಿವಿಯ ಕೆಳಗೆ, ಎಡಬಲದವು ಕಿವಿಯ ಮಟ್ಟದಲ್ಲಿ, ನೀವು ಕೂರುವ ಜಾಗದಿಂದ ಟಿವಿಯ ನಡುವಿಗೆ ಎಳೆದ ಗೆರೆಯಿಂದ 22ರಿಂದ 30 ಡಿಗ್ರಿ ಆಚೆಗೆ.

ಇನ್ನು ಎಲ್ಲರೂ ಎಡವುವ ಸರೌಂಡ್. 5.1 ವ್ಯವಸ್ಥೆಯಲ್ಲಿ (ಐದು ಸ್ಪೀಕರ್, ಜೊತೆಗೆ ಬಾಸಿಗೆಂದೇ ಒಂದು ಸಬ್‌ವೂಫರ್) ಇವು ಹಿಂದಿನ ಸ್ಪೀಕರ್‌ಗಳಲ್ಲ, ಪಕ್ಕದ ಸ್ಪೀಕರ್‌ಗಳು. ಟಿವಿ ಇರುವ ದಿಕ್ಕನ್ನು ಸೊನ್ನೆ ಎಂದುಕೊಂಡರೆ ಇವುಗಳ ಜಾಗ 90ರಿಂದ 110 ಡಿಗ್ರಿಯ ನಡುವೆ. ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿರುವ ಕೋನಮಾಪಕ ಮತ್ತು ಒಂದು ದಾರ ಇದನ್ನು ಗುರುತಿಸಲು ಸಾಕು. ಸೋಫಾದ ನಡುವೆ ಕೂತು, ಕಿವಿಯ ನೇರಕ್ಕೆ ಎರಡೂ ಪಕ್ಕದ ಗೋಡೆಗಳ ಮೇಲೆ ಸೀಮೆಸುಣ್ಣದ ಗುರುತು ಹಾಕಿಸಿ. ಅದೇ 90 ಡಿಗ್ರಿ. ನಮ್ಮ ಕೋಣೆಯಲ್ಲಿ ಗೋಡೆ ನಿಮ್ಮಿಂದ ಐದು ಅಡಿ ದೂರವಿರುವುದರಿಂದ ಆ ಗುರುತಿನಿಂದ ಸುಮಾರು ಒಂದೂ ಮುಕ್ಕಾಲು ಅಡಿ ಹಿಂದೆ ಹೋದರೆ 110 ಡಿಗ್ರಿ. ಈ ಎರಡು ಗುರುತುಗಳ ನಡುವೆ ಸ್ಪೀಕರ್ ಎಲ್ಲಿದ್ದರೂ ಸರಿಯೇ, ನಾನು ಮಾತ್ರ ಯಾವಾಗಲೂ ಹಿಂದಿನ ಗುರುತಿನ ಹತ್ತಿರವೇ ಇಡುತ್ತೇನೆ. ಸೋಫಾ ಗೋಡೆ ಬಿಟ್ಟು ಬರುವುದೇ ಇಲ್ಲವೆಂದಾದರೆ 90ರಲ್ಲೇ ನಿಲ್ಲಿಸಿ, ಆಗಲೂ ಮೂಲೆಗೆ ತಳ್ಳಬೇಡಿ.

ಎತ್ತರದ ಮಾತು. ಕೂತವರ ಕಿವಿ ನೆಲದಿಂದ ಮೂರು, ಮೂರೂವರೆ ಅಡಿಯಲ್ಲಿರುತ್ತದೆ. ಸರೌಂಡ್ ಸ್ಪೀಕರನ್ನು ಅದೇ ಮಟ್ಟದಲ್ಲಿಟ್ಟರೆ ಸಣ್ಣ ಕೋಣೆಯಲ್ಲಿ ಸೋಫಾದ ತುದಿಗೆ ಕೂತ ಅಜ್ಜಿಯ ಕಿವಿಗೇ ಎಲ್ಲ ಶಬ್ದವೂ ನುಗ್ಗುತ್ತದೆ, ಆಚೆ ತುದಿಯವರಿಗೆ ಏನೂ ದಕ್ಕುವುದಿಲ್ಲ. ಆದ್ದರಿಂದ ಒಂದೂವರೆ ಅಡಿ ಮೇಲಕ್ಕೆ, ಐದು ಅಡಿಯ ಒಳಗೆ. ಅದಕ್ಕಿಂತ ಮೇಲೆ ಹೋದಂತೆ ಶಬ್ದ ಅಟ್ಟದಿಂದ ಬಂದಂತೆ ಕೇಳುತ್ತದೆ. ಮುಖವನ್ನು ಎದುರಿನ ಗೋಡೆಯ ಕಡೆಗೆ, ಕೂತವರ ತಲೆಯ ಮೇಲಿಂದ ಹಾದುಹೋಗುವಂತೆ ತಿರುಗಿಸಿ.

ಒಂದು ಪಕ್ಕದಲ್ಲಿ ಬಾಗಿಲಿರುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಆಗ ಒಂದು ಸ್ಪೀಕರ್ ಪಕ್ಕಕ್ಕೆ, ಇನ್ನೊಂದು ಹಿಂಗೋಡೆಗೆ ಎಂದು ರಾಜಿ ಮಾಡಿಕೊಳ್ಳಬೇಡಿ. ಬಾಗಿಲ ಬದಿಯದನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಇಲ್ಲವೇ ಎರಡನ್ನೂ ಒಂದೇ ಅಳತೆಯಲ್ಲಿ ಹಿಂದಕ್ಕೆ ಸರಿಸಿ.

ತಂತಿಗೆ 16 ಗೇಜಿನ ಶುದ್ಧ ತಾಮ್ರವನ್ನೇ ಕೇಳಿ. ಅಗ್ಗದ ಸುರುಳಿಗಳಲ್ಲಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇರುತ್ತದೆ, ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ಅದನ್ನು ಕೊಳ್ಳಬೇಡಿ. ತಂತಿರಹಿತ ಸರೌಂಡ್ ಎಂದು ಮಾರುವವಕ್ಕೂ ಸಾಮಾನ್ಯವಾಗಿ ಕರೆಂಟಿನ ತಂತಿ ಬೇಕು, ಸೋಫಾದ ಪಕ್ಕದಲ್ಲಿ ಪ್ಲಗ್ ಇದೆಯೇ ಎಂದು ಮೊದಲು ನೋಡಿ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಲಿ. ಒಂದು ಕಡೆ ಅದಲುಬದಲಾದರೂ ಶಬ್ದ ಟೊಳ್ಳಾಗುತ್ತದೆ.

ಈಗಲೂ ಗೋಡೆ ಕೊರೆಯಬೇಡಿ. ಸ್ಪೀಕರ್‌ಗಳನ್ನು ಎತ್ತರದ ಸ್ಟೂಲುಗಳ ಮೇಲಿಟ್ಟು ಎರಡು ದಿನ ಕೇಳಿ. ರಿಸೀವರಿನಲ್ಲಿ (ಎಲ್ಲ ಸ್ಪೀಕರ್‌ಗಳನ್ನು ನುಡಿಸುವ ಪೆಟ್ಟಿಗೆ) ಪ್ರತಿ ಸ್ಪೀಕರಿಗೂ ಕಿವಿಯಿಂದ ಇರುವ ದೂರವನ್ನು ಟೇಪು ಹಿಡಿದು ಅಳೆದು ತುಂಬಿಸಿ. ಶಬ್ದ ಒಂದು ಮೀಟರ್ ಸಾಗಲು ಸುಮಾರು ಮೂರು ಮಿಲಿಸೆಕೆಂಡು ಬೇಕು, ಹತ್ತಿರದ ಸ್ಪೀಕರನ್ನು ಅಷ್ಟು ತಡೆದು ನುಡಿಸುವ ಕೆಲಸವನ್ನು ರಿಸೀವರ್ ಈ ಲೆಕ್ಕದಿಂದಲೇ ಮಾಡುತ್ತದೆ. ಆಮೇಲೆ ರಿಸೀವರಿನ ಟೆಸ್ಟ್ ಟೋನ್ (ಹೊಂದಿಸಲೆಂದೇ ಇರುವ ಪರೀಕ್ಷೆಯ ಶಬ್ದ) ಹಾಕಿ ಐದೂ ಕಡೆಯಿಂದ ಶಬ್ದ ಒಂದೇ ಮಟ್ಟದಲ್ಲಿ ಕೇಳುವಂತೆ ಹೊಂದಿಸಿ. ಚೆನ್ನಾಗಿ ಕೇಳಲಿ ಎಂದು ಸರೌಂಡನ್ನು ಏರಿಸುವುದು ದೊಡ್ಡ ತಪ್ಪು. ಸಿನಿಮಾ ನೋಡುವಾಗ ಸ್ಪೀಕರ್ ಅಲ್ಲಿದೆ ಎಂಬುದೇ ಮರೆತುಹೋಗಬೇಕು.

ಜಾಗ ಹಿಡಿಸಿದ ಮೇಲೆ ಗೋಡೆಗೆ ಸ್ಕ್ರೂ ಹಿಡಿಯುವ ಪ್ಲಗ್ ಹೊಡೆದು, ಸ್ಕ್ರೂ ಬಿಗಿದು ಬ್ರ್ಯಾಕೆಟ್ ಕೂರಿಸಿ. ಎರಡು ಬದಿ ಅಂಟುವ ಟೇಪಿನ ಸಹವಾಸ ಬೇಡ, ಮಲೆನಾಡಿನ ಮಳೆಗಾಲದ ತೇವಕ್ಕೆ ಅದು ಗೋಡೆ ಬಿಟ್ಟು ಬರುವುದನ್ನು ನಾನು ಕಂಡಿದ್ದೇನೆ. ಹಳೆಯ ಮಣ್ಣಿನ ಗೋಡೆಯಲ್ಲಿ ಸ್ಕ್ರೂ ಕೂಡ ನಿಲ್ಲುವುದಿಲ್ಲ, ಅಂಥ ಮನೆಗೆ ಭಾರದ ಬುಡವಿರುವ ಸ್ಟ್ಯಾಂಡೇ ಸರಿ. ಮಳೆ ಹೊಡೆದು ಒಸರುವ ಗೋಡೆಯಾದರೂ ಅಷ್ಟೇ, ಸ್ಪೀಕರ್ ಅದರಿಂದ ನಾಲ್ಕು ಬೆರಳು ದೂರ ನಿಲ್ಲಲಿ.