ಕೊಲೆಸ್ಟ್ರಾಲ್ ಇಳಿಸುವುದು ಹೇಗೆ? ಎಣ್ಣೆ ಡಬ್ಬದಿಂದ ಶುರು ಮಾಡಿ

"ನಾವು ಮೊಟ್ಟೆ, ಮಾಂಸ ಮುಟ್ಟೋದೇ ಇಲ್ಲ, ನಮಗ್ಯಾಕೆ ಬಂತು ಕೊಲೆಸ್ಟ್ರಾಲ್?" ರಿಪೋರ್ಟ್ ಕೈಗೆ ಬಂದ ದಿನ ಎಷ್ಟೋ ಮನೆಗಳಲ್ಲಿ ಇದೇ ಮಾತು. ರಕ್ತದಲ್ಲಿರುವ ಕೊಲೆಸ್ಟ್ರಾಲ್‌ನ ದೊಡ್ಡ ಪಾಲು ತಟ್ಟೆಯಿಂದ ಬರುವುದಿಲ್ಲ, ನಮ್ಮ ಲಿವರ್ ತಾನೇ ತಯಾರಿಸುತ್ತದೆ. ತುಪ್ಪ, ಬೆಣ್ಣೆ, ಕೆನೆ, ತೆಂಗಿನೆಣ್ಣೆ, ಪಾಮ್ ಎಣ್ಣೆಯಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದರೆ, ರಕ್ತದಲ್ಲಿ ಓಡಾಡುವ ಕೆಟ್ಟ ಕೊಲೆಸ್ಟ್ರಾಲನ್ನು ಲಿವರ್ ವಾಪಸ್ ಎಳೆದುಕೊಳ್ಳುವುದು ಕಡಿಮೆಯಾಗುತ್ತದೆ. ದಿನಾ ಬೆಣ್ಣೆ ದೋಸೆ ತಿನ್ನುವ ಸಸ್ಯಾಹಾರಿಗೂ ಇದು ತಪ್ಪಿದ್ದಲ್ಲ.

ಮೊದಲು ರಿಪೋರ್ಟ್ ಓದಿ. ಒಟ್ಟು ಕೊಲೆಸ್ಟ್ರಾಲ್ 200ರ ಒಳಗೆ ಇದೆ (ಇಲ್ಲಿನ ಅಂಕಿಗಳೆಲ್ಲ mg/dL ಲೆಕ್ಕ) ಎಂದು ಸಮಾಧಾನ ಪಟ್ಟುಕೊಂಡರೆ ಸಾಲದು. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 100ರ ಒಳಗಿರುವುದು ಒಳ್ಳೆಯದು. ಎಚ್‌ಡಿಎಲ್, ಅಂದರೆ ಒಳ್ಳೆಯ ಕೊಲೆಸ್ಟ್ರಾಲ್, ಗಂಡಸರಿಗೆ 40, ಹೆಂಗಸರಿಗೆ 50 ದಾಟಿರಬೇಕು. ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 150ರ ಒಳಗಿರಬೇಕು. ಏರಿರುವುದು ಯಾವುದು ಎನ್ನುವುದರ ಮೇಲೆ ಪಥ್ಯ ಬದಲಾಗುತ್ತದೆ. ಟ್ರೈಗ್ಲಿಸರೈಡ್ ಏರಿದ್ದರೆ ಮೊದಲು ಕಡಿಮೆ ಮಾಡಬೇಕಾದ್ದು ಸಕ್ಕರೆ, ಮೈದಾ, ಎರಡನೇ ಸಲ ಬಡಿಸಿಕೊಳ್ಳುವ ಅನ್ನ, ಮತ್ತೆ ಮದ್ಯ.

ಈಗ ಎಣ್ಣೆ. ಮನೆಗೆ ತಿಂಗಳಿಗೆ ಎಷ್ಟು ಲೀಟರ್ ಬರುತ್ತದೆ, ತಿನ್ನುವವರು ಎಷ್ಟು ಜನ, ಭಾಗಿಸಿ ನೋಡಿ. ಒಬ್ಬರಿಗೆ ಅರ್ಧ ಲೀಟರ್ ಸಾಕು, ಅಂದರೆ ದಿನಕ್ಕೆ ಮೂರು ಟೀ ಚಮಚ ಚಿಲ್ಲರೆ. ಬಾಟಲಿಯಿಂದ ನೇರ ಬಾಣಲೆಗೆ ಸುರಿಯುವ ಅಭ್ಯಾಸ ಬಿಟ್ಟು ಚಮಚದಲ್ಲಿ ಅಳೆದು ಹಾಕಿದರೆ ಅರ್ಧ ಕೆಲಸ ಮುಗಿಯಿತು. "ಕೊಲೆಸ್ಟ್ರಾಲ್ ಫ್ರೀ" ಎಂಬ ಲೇಬಲ್ ನೋಡಿ ಜಾಸ್ತಿ ದುಡ್ಡು ಕೊಡಬೇಡಿ, ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಅದು ಇರುವುದಿಲ್ಲ! ನೋಡಬೇಕಾದ್ದು ಸ್ಯಾಚುರೇಟೆಡ್ ಕೊಬ್ಬಿನ ಸಾಲು. ತೆಂಗಿನೆಣ್ಣೆಯಲ್ಲಿ ಅದು ಶೇ 80ಕ್ಕೂ ಜಾಸ್ತಿ, ಪಾಮ್ ಎಣ್ಣೆಯಲ್ಲಿ ಹತ್ತಿರಹತ್ತಿರ ಅರ್ಧ, ಕಡಲೆಕಾಯಿ ಎಣ್ಣೆಯಲ್ಲಿ ಶೇ 20ರ ಆಸುಪಾಸು, ಸೂರ್ಯಕಾಂತಿಯಲ್ಲಿ ಇನ್ನೂ ಕಡಿಮೆ. ಬೇಕರಿ ಪಫ್ಸ್, ಬಿಸ್ಕತ್ತು, ಪ್ಯಾಕೆಟ್ ಚಿಪ್ಸ್‌ನಲ್ಲಿ ಬಹುಪಾಲು ಪಾಮ್ ಎಣ್ಣೆ ಅಥವಾ ವನಸ್ಪತಿಯದೇ ಕಾರುಬಾರು.

ತೆಂಗಿನಕಾಯಿ ವಿಷಯಕ್ಕೆ ಜಗಳ ಗ್ಯಾರಂಟಿ, ಅದರಲ್ಲೂ ಕರಾವಳಿಯವರ ಜೊತೆ. ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಚಟ್ನಿಗೆ, ಹುಳಿಗೆ, ಪಲ್ಯಕ್ಕೆ, ಮತ್ತೆ ಒಗ್ಗರಣೆಗೂ ತೆಂಗಿನೆಣ್ಣೆ ಅಂತಾದರೆ ಕಷ್ಟ ಅಲ್ವಾ? ಚಟ್ನಿಗೆ ತುರಿ ಅರ್ಧ ಮಾಡಿ, ಉಳಿದರ್ಧಕ್ಕೆ ಹುರಿಗಡಲೆ ಹಾಕಿ ರುಬ್ಬಿ. ಹುಳಿಯ ಮಸಾಲೆಗೂ ಇದೇ ಉಪಾಯ ನಡೆಯುತ್ತದೆ, ಗಟ್ಟಿಯಾಗಿಯೂ ಬರುತ್ತದೆ. ಹಾಲಿನ ಲೆಕ್ಕ ಇನ್ನೂ ಸುಲಭ. ಶೇ 6 ಕೊಬ್ಬಿನ ಗಟ್ಟಿ ಹಾಲು ಅರ್ಧ ಲೀಟರ್ ಕುಡಿದರೆ ಸುಮಾರು 30 ಗ್ರಾಂ ಕೊಬ್ಬು, ಶೇ 3ರ ಟೋನ್ಡ್ ಹಾಲಾದರೆ 15. ಕಾಫಿ ರುಚಿ ಒಂದು ವಾರ ಸಪ್ಪೆ ಅನ್ನಿಸುತ್ತದೆ, ಆಮೇಲೆ ನಾಲಿಗೆ ಒಗ್ಗಿಕೊಳ್ಳುತ್ತದೆ.

ಕಡಿಮೆ ಮಾಡಿದ್ದರ ಜಾಗಕ್ಕೆ ಏನಾದರೂ ಬರಬೇಕು. ನೀರಿನಲ್ಲಿ ಕರಗುವ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಮಲದ ಜೊತೆ ಹೊರಗೆ ಸಾಗಿಸುತ್ತದೆ. ಹೊಸ ಪಿತ್ತರಸ ತಯಾರಿಸಲು ಲಿವರ್ ರಕ್ತದಲ್ಲಿನ ಕೊಲೆಸ್ಟ್ರಾಲನ್ನೇ ಬಳಸಿಕೊಳ್ಳಬೇಕಾಗುತ್ತದೆ. ಓಟ್ಸ್, ಬಾರ್ಲಿ ಒಳ್ಳೆಯದೇ. ಆದರೆ ದುಬಾರಿ ಓಟ್ಸ್‌ಗೇ ಜೋತು ಬೀಳಬೇಕಿಲ್ಲ: ಅಲಸಂದೆ, ಹುರುಳಿ, ಅವರೆಕಾಳಿನ ಸಾರು, ಬೆಂಡೆಕಾಯಿ, ನೆನೆಸಿದ ಮೆಂತ್ಯ, ಸೀಬೆಹಣ್ಣು ಇವೆಲ್ಲದರಲ್ಲೂ ಆ ನಾರಿದೆ. ಸಂಜೆ ಬಜ್ಜಿ ಬದಲು ಒಂದು ಹಿಡಿ ಉಪ್ಪಿಲ್ಲದ ಹುರಿದ ಕಡಲೆಬೀಜ ತಿನ್ನಿ. ಒಂದೇ ಹಿಡಿ ಮತ್ತೆ.

ನಡಿಗೆ ವಾರಕ್ಕೆ 150 ನಿಮಿಷ, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸಾಗಿ. ಅದು ಟ್ರೈಗ್ಲಿಸರೈಡ್ ಇಳಿಸುತ್ತದೆ, ಎಚ್‌ಡಿಎಲ್ ಸ್ವಲ್ಪ ಏರಿಸುತ್ತದೆ. ಬೀಡಿ, ಸಿಗರೇಟು ಬಿಡಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ.

ಮೂರು ತಿಂಗಳು ಹೀಗೆ ನಡೆಸಿ ಮತ್ತೆ ರಕ್ತ ಪರೀಕ್ಷೆ ಮಾಡಿಸಿ, ಸಾಧ್ಯವಾದರೆ ಅದೇ ಲ್ಯಾಬ್‌ನಲ್ಲಿ. ಇಳಿದಿಲ್ಲ ಅಂದರೆ ಥೈರಾಯ್ಡ್ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ, ಥೈರಾಯ್ಡ್ ಹಾರ್ಮೋನು ಕಡಿಮೆಯಾದರೂ ಎಲ್‌ಡಿಎಲ್ ಏರುತ್ತದೆ. ಆದರೆ ಎಲ್‌ಡಿಎಲ್ 190 ದಾಟಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಹೃದಯಾಘಾತ ಆಗಿದ್ದರೆ ಈ ಮೂರು ತಿಂಗಳು ಕಾಯುವ ಲೆಕ್ಕ ನಿಮಗಲ್ಲ, ಈಗಲೇ ಡಾಕ್ಟರ ಹತ್ತಿರ ಹೋಗಿ. ಈಗಾಗಲೇ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನುಂಗುತ್ತಿರುವವರು ಪಥ್ಯ ಶುರು ಮಾಡಿದೆವು ಅಂತ ಸುಮ್ನೆ ಅದನ್ನು ನಿಲ್ಲಿಸಬೇಡಿ.