ಬರೀ ತೊಗರಿ ಬಿತ್ತಬೇಡಿ, ನಡುವೆ ಹೆಸರುಕಾಳು ಹಾಕಿ

ಕಲಬುರಗಿ ಕಡೆ ಜೂನ್‌ನಲ್ಲಿ ಒಂದು ಹದ ಮಳೆ ಬಿದ್ದರೆ ಸಾಕು, ಎಲ್ಲರ ಕೈಯೂ ತೊಗರಿ ಚೀಲಕ್ಕೇ ಹೋಗುತ್ತದೆ. ನಮ್ಮದೂ ಹಾಗೇ ಇತ್ತು. ಒಂದೇ ಹೊಲದಲ್ಲಿ ನಾಲ್ಕು ವರ್ಷ ತೊಗರಿ ಮೇಲೆ ತೊಗರಿ ಬಿತ್ತಿದೆವು. ನಾಲ್ಕನೇ ವರ್ಷ ಹೂ ಬಿಡುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗತೊಡಗಿತು. ಕಾಂಡ ಸೀಳಿ ನೋಡಿದರೆ ಒಳಗೆ ಕಪ್ಪು ಗೆರೆ. ನೆಟೆ ರೋಗ. ಎಣ್ಣೆ, ಅಂದರೆ ಔಷಧಿ, ಹೊಡೆದರೂ ಉಪಯೋಗ ಆಗಲಿಲ್ಲ, ಯಾಕಂದ್ರೆ ರೋಗದ ಶಿಲೀಂಧ್ರ ಇದ್ದದ್ದು ಮಣ್ಣಿನಲ್ಲಿ, ಹಿಂದಿನ ವರ್ಷದ ಕೊಳೆ ಬೇರಿನಲ್ಲಿ.

ಇದು ನಮ್ಮೊಬ್ಬರ ಮನೆಯ ಮಾತಲ್ಲ. ತೊಗರಿ ಬೆಳೆಯುವುದರಲ್ಲಿ ಜಗತ್ತಿಗೇ ಮೊದಲು ಭಾರತ. ಆದರೂ ನಾವು ತಿನ್ನುವಷ್ಟು ಬೆಳೆಯುವುದಿಲ್ಲ. ಮೊಜಾಂಬಿಕ್, ತಾಂಜಾನಿಯಾ, ಮ್ಯಾನ್ಮಾರ್‌ನಿಂದ ತರಿಸುತ್ತೇವೆ. ಮೊಜಾಂಬಿಕ್ ಜೊತೆ 2016ರಲ್ಲಿ ಇದಕ್ಕಾಗಿಯೇ ಒಪ್ಪಂದ ಆಗಿದೆ. ಅಲ್ಲಿನ ರೈತರೂ ನಮ್ಮ ಹಾಗೆ ಮಳೆಯನ್ನೇ ನಂಬಿದವರು. ಎರಡೂ ಕಡೆ ಒಂದೇ ವರ್ಷ ಮಳೆ ಕೈಕೊಟ್ಟರೆ ಬೇಳೆ ಬಡವರ ತಟ್ಟೆಯಿಂದಲೇ ಮೊದಲು ಹೋಗುತ್ತದೆ, ಅಲ್ವಾ? ಅದಕ್ಕೇ ಹೊಲ ಉಳಿಸಿಕೊಂಡು ಬೆಳೆಯುವುದು ಹೇಗೆ ಅಂತ ನಾವು ಕಲಿತದ್ದನ್ನು ಹೇಳುತ್ತೇನೆ.

ಮೊದಲು ಹೊಲ ಆರಿಸಿ. ಹೋದ ವರ್ಷ ನೆಟೆ ಬಂದ ಜಾಗದಲ್ಲಿ ಈ ವರ್ಷ ತೊಗರಿ ಬೇಡವೇ ಬೇಡ. ಅಲ್ಲಿ ಜೋಳ ಹಾಕಿ. ಜೋಳದ ಜೊತೆ ಬೆಳೆದ ತೊಗರಿಗೂ ನೆಟೆ ಕಡಿಮೆ ಬರುತ್ತದೆ. ಕರಿ ಮಣ್ಣಿನಲ್ಲಿ ನೀರು ನಿಲ್ಲುವುದು ಇನ್ನೊಂದು ಶತ್ರು. ಇಳಿಜಾರಿಗೆ ಅಡ್ಡಲಾಗಿ ಬಿತ್ತಿ, ಕೆಲವು ಸಾಲಿಗೊಂದು ಹರಿ, ಅಂದರೆ ಸಣ್ಣ ಕಾಲುವೆ, ಬಿಡಿ. ಮಳೆ ಕಡಿಮೆಯಾದರೆ ಹರಿಯಲ್ಲಿ ನೀರು ಇಂಗುತ್ತದೆ, ಜಾಸ್ತಿಯಾದರೆ ಹೊರಗೆ ಹೋಗುತ್ತದೆ. ಟಿಎಸ್-3ಆರ್, ಜಿಆರ್‌ಜಿ-811 ತಳಿಗಳು ನಮ್ಮ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದಲೇ ಬಂದವು, ನೆಟೆಯನ್ನು ಸ್ವಲ್ಪ ತಡೆಯುತ್ತವೆ. ಆದರೆ ಬುಡದಲ್ಲಿ ನೀರು ನಿಂತರೆ ಯಾವ ತಳಿಯೂ ನಮ್ಮನ್ನು ಉಳಿಸುವುದಿಲ್ಲ.

ಬೀಜೋಪಚಾರ ಬಿಡಬೇಡಿ. ಕಿಲೋ ಬೀಜಕ್ಕೆ ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆ ಶಿಲೀಂಧ್ರ ಟ್ರೈಕೋಡರ್ಮ 4 ಗ್ರಾಂ ಹಚ್ಚಿ, ಕೊನೆಗೆ ಬೇರಿಗೆ ಸಾರಜನಕ ಹಿಡಿದುಕೊಡುವ ರೈಜೋಬಿಯಂ ಲೇಪಿಸಿ, ನೆರಳಲ್ಲಿ ಆರಿಸಿ ಬಿತ್ತಿ. ಇನ್ನೂ ಗಟ್ಟಿ ಕೆಲಸ ಬೇಕೆಂದರೆ ಬಿತ್ತುವುದಕ್ಕೆ ಹದಿನೈದು ದಿನ ಮುಂಚೆ ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮ ಕಲಸಿ, ಗೋಣಿ ಮುಚ್ಚಿ, ಹಸಿ ಆರದ ಹಾಗೆ ನೆರಳಲ್ಲಿಟ್ಟು ಆಮೇಲೆ ಹೊಲಕ್ಕೆ ಹಾಕಿ. ಸುಮ್ನೆ ಪುಡಿ ಚೆಲ್ಲುವುದಕ್ಕಿಂತ ಇದು ಎಷ್ಟೋ ಮೇಲು.

ಈಗ ಮುಖ್ಯ ಮಾತು. ತೊಗರಿ ಸಾಲುಗಳ ನಡುವೆ ಮೂರ್ನಾಲ್ಕು ಅಡಿ ಬಿಟ್ಟು, ಆ ಜಾಗದಲ್ಲಿ ಎರಡು ಸಾಲು ಹೆಸರು ಇಲ್ಲವೇ ಉದ್ದು ಹಾಕಿ. ಬೀದರ್ ಕಡೆಯವರು ಸೋಯಾ ಹಾಕುತ್ತಾರೆ, ಅದೂ ನಡೆಯುತ್ತದೆ. ತೊಗರಿ ಮೊದಲ ಎರಡು ತಿಂಗಳು ಬೇರು ಇಳಿಸುವುದರಲ್ಲೇ ಇರುತ್ತದೆ, ಮೇಲೆ ನಿಧಾನ. ಅಷ್ಟರಲ್ಲಿ ಹೆಸರು 60-65 ದಿನಕ್ಕೆ ಮುಗಿದು ಗಣೇಶ ಹಬ್ಬದ ಹೊತ್ತಿಗೆ ಕೈಗೆ ನಾಲ್ಕು ಕಾಸು ಕೊಡುತ್ತದೆ, ಕಳೆಗೆ ಜಾಗ ಕೊಡುವುದಿಲ್ಲ, ಸಾರಜನಕ ಬೇರೆ ಮಣ್ಣಿಗೆ ಬಿಡುತ್ತದೆ. ಮುಂದೆ ತೊಗರಿ ನೆಟೆಗೆ ಹೋದರೂ ಬಿತ್ತಿದ ಖರ್ಚಿನ ಒಂದಿಷ್ಟು ಪಾಲಾದರೂ ಬಂದಿರುತ್ತದೆ. ಕೆಟ್ಟ ವರ್ಷದಲ್ಲಿ ನಮ್ಮ ಮನೆ ಸಾಲವಿಲ್ಲದೆ ದಾಟಿದ್ದು ಈ ಎರಡು ಸಾಲು ಹೆಸರಿನಿಂದ.

45-50 ದಿನಕ್ಕೆ ತೊಗರಿಯ ಕುಡಿ ಚಿವುಟಿ, ಎರಡು ಇಂಚಿನಷ್ಟು ಸಾಕು. ಪಕ್ಕದ ಟೊಂಗೆ ಒಡೆದು ಕಾಯಿ ಜಾಸ್ತಿ ನಿಲ್ಲುತ್ತದೆ. ಹಚ್ಚಗಿದ್ದು ಹೂವೇ ಬಿಡದ ಗೊಡ್ಡು ಗಿಡ ಕಂಡರೆ ತಡ ಮಾಡದೆ ಕಿತ್ತು ಹಾಕಿ, ಅದು ಕಣ್ಣಿಗೆ ಕಾಣದ ನುಸಿಯಿಂದ ಪಕ್ಕದ ಗಿಡಕ್ಕೂ ಹರಡುತ್ತದೆ. ಹೂ ಬಿಡುವಾಗ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪೋಷಕಾಂಶದ ಪುಡಿ ಪಲ್ಸ್ ಮ್ಯಾಜಿಕ್ ಅನ್ನು ನೀರಲ್ಲಿ ಕರಗಿಸಿ ಎಕರೆಗೆ 2 ಕಿಲೋ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಸಿಂಪಡಿಸಿ. ಕಾಯಿಕೊರಕಕ್ಕೆ ಮೊದಲೇ ದುಬಾರಿ ಎಣ್ಣೆಗೆ ಓಡಬೇಡಿ. ಗಂಡು ಪತಂಗವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಎಕರೆಗೆ ಎರಡು ಕಟ್ಟಿ, ಹಕ್ಕಿ ಕೂರಲು ಅಲ್ಲಲ್ಲಿ ಕೋಲು ನೆಡಿ, 100 ಲೀಟರ್ ನೀರಿಗೆ 5 ಕಿಲೋ ಬೇವಿನ ಬೀಜದ ಕಷಾಯ ಹೊಡೆಯಿರಿ. ನಮ್ಮ ಹಿರಿಯರು ಗಿಡ ಅಲ್ಲಾಡಿಸಿ ಹುಳು ಬೀಳಿಸುತ್ತಿದ್ದರು. ಚಾದರ ಹಾಸಿ ಅಲ್ಲಾಡಿಸಿ ನೋಡಿ, ಎಷ್ಟು ಹುಳು ಬೀಳುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ಕಾಗದದ ಕೆಲಸವನ್ನು ತೊಗರಿ ರಾಶಿ ಮಾಡಿದ ಮೇಲೆ ನೋಡೋಣ ಅನ್ನುವವರೇ ಜಾಸ್ತಿ. ತಪ್ಪು. ಒಂದು ವರ್ಷ ನಮ್ಮ ಹೊಲದ ಬೆಳೆ ಸಮೀಕ್ಷೆಯಲ್ಲಿ ತೊಗರಿ ಬದಲು ಬೇರೆ ಬೆಳೆ ದಾಖಲಾಗಿತ್ತು, ನಮಗೆ ಗೊತ್ತಾಗಿದ್ದು ಮಾರಲು ಹೋದಾಗ. ದಾಖಲೆಯಲ್ಲಿ ತೊಗರಿ ಇಲ್ಲ ಅಂತ ಸರ್ಕಾರದ ಬೆಂಬಲ ಬೆಲೆ ಸಿಗಲೇ ಇಲ್ಲ, ಆ ಸಿಟ್ಟು ಇನ್ನೂ ಇದೆ. ಅದಕ್ಕೇ ಬಿತ್ತಿದ ಮೇಲೆ ಸಮೀಕ್ಷೆ ಆ್ಯಪ್‌ನಲ್ಲಿ ನಿಮ್ಮ ಬೆಳೆಯನ್ನು ನೀವೇ ದಾಖಲಿಸಿ, ಮಿಶ್ರ ಬೆಳೆ ಇದ್ದರೆ ಎರಡನ್ನೂ ಹಾಕಿ, ಆಮೇಲೆ ತೆರೆದು ಸರಿಯಾಗಿದೆಯಾ ನೋಡಿ. ಎಫ್‌ಐಡಿಗೆ, ಅಂದರೆ ರೈತರ ಗುರುತಿನ ನಂಬರಿಗೆ, ನಿಮ್ಮ ಎಲ್ಲ ಸರ್ವೆ ನಂಬರ್ ಸೇರಿದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಬೆಳೆ ವಿಮೆ ಫಸಲ್ ಬಿಮಾಕ್ಕೆ ಮುಂಗಾರಿನಲ್ಲಿ ರೈತರ ಪಾಲು ವಿಮಾ ಮೊತ್ತದ ಶೇ. 2 ಮಾತ್ರ. ಹೊಲಕ್ಕೆ ನೀರು ನುಗ್ಗಿ ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು, ಫೋಟೋ ತೆಗೆದಿಟ್ಟುಕೊಳ್ಳಿ.

ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 2024-25ಕ್ಕೆ 7,550 ರೂಪಾಯಿ, 2025-26ಕ್ಕೆ 8,000. ಹೊರಗಿನ ಬೇಳೆ ಸುಂಕವಿಲ್ಲದೆ ಬಂದಾಗ ನಮ್ಮ ಮಾರುಕಟ್ಟೆ ಇದಕ್ಕಿಂತ ಕೆಳಗೆ ಇಳಿಯುತ್ತದೆ. ಹಾಗಾಗಿ ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ನೋಂದಣಿ ಶುರುವಾದ ವಾರವೇ ಹೆಸರು ಬರೆಸಿ. ತೇವಾಂಶ ಶೇ. 12ಕ್ಕಿಂತ ಜಾಸ್ತಿ ಇದ್ದರೆ ಚೀಲ ವಾಪಸ್ ಬರುತ್ತದೆ, ತಾಡಪತ್ರಿ ಮೇಲೆ ಎರಡು ಬಿಸಿಲು ಕೊಟ್ಟೇ ಒಯ್ಯಿರಿ.

ರಾಶಿ ಮುಗಿದ ಮೇಲೆ ಹೊಟ್ಟು ದನಕ್ಕಿಡಿ, ಕಟ್ಟಿಗೆ ಒಲೆಗೆ ಒಯ್ಯಿರಿ, ಉದುರಿದ ಎಲೆಯನ್ನು ಮಾತ್ರ ಸುಡಬೇಡಿ, ಅದು ಮಣ್ಣಿನ ಪಾಲು. ನೆಟೆ ಬಂದ ಗಿಡದ ಬುಡವನ್ನು ಬೇರುಸಹಿತ ಕಿತ್ತು ಹೊರಗೆ ಹಾಕಿ, ಆ ಜಾಗಕ್ಕೆ ಬದುವಿನ ಕಲ್ಲಿನಿಂದ ಗುರುತು ಮಾಡಿ. ಮುಂದಿನ ಮಳೆಗೆ ಅಲ್ಲಿ ಜೋಳದ ಕೂರಿಗೆ ಹೋಗಬೇಕು.