ಕೆರೆಯಂಗಳದ ಸರ್ವೆ ಕ್ಯಾಂಪ್: ಲೆವೆಲ್ ಕೊನೆಗೂ ಕೂಡಿತು

ಸಿವಿಲ್ ಎಂಜಿನಿಯರಿಂಗ್ ಹುಡುಗರು ಊರಿಗೆ ಹೋಗಿ ಜಾಗ ಅಳೆಯುವ ಕ್ಯಾಂಪೇ ಎಕ್ಸ್‌ಟೆನ್ಸಿವ್ ಸರ್ವೆ: ಹೊಸ ಕೆರೆ, ಹಳೇ ಕೆರೆ, ನೀರು ಸರಬರಾಜು, ಹೈವೇ. ಸಿವಿಲ್ ಓದಿದವರಿಗೆಲ್ಲ ಗೊತ್ತಿರುವುದೇ. ಸೀನಿಯರ್‌ಗಳ ಶೀಟ್ ನೋಡಿ ಗೆರೆ ಎಳೆದು ಮುಗಿಸುವವರೂ ಗೊತ್ತು. ನಾನು ತುಮಕೂರು ಕಡೆಯ ಒಂದು ಹಳೇ ಕೆರೆಯನ್ನು ನಿಜವಾಗಿ ಅಳೆಸಿ, ಹೂಳಿನ ಲೆಕ್ಕ ಊರಿನವರ ಕೈಗೇ ಕೊಡುತ್ತೇನೆ ಎಂದಾಗ, "ಬಿಡಿ ಸಾರ್, ಹುಡುಗರು ಮಾರನೇ ದಿನವೇ ಬಸ್ ಹತ್ತುತ್ತಾರೆ" ಎಂದವರೇ ಜಾಸ್ತಿ. ಈ ಸಲ ಆಯಿತು, ಅದೂ ಚೆನ್ನಾಗಿಯೇ ಆಯಿತು.

ಮೊದಮೊದಲು ಲೆವೆಲ್ ಕ್ಲೋಸ್ ಆಗುತ್ತಲೇ ಇರಲಿಲ್ಲ, ಅಂದರೆ ಎತ್ತರ ಅಳೆಯುತ್ತಾ ಹೋಗಿ ಹೊರಟ ಜಾಗಕ್ಕೇ ಮರಳಿದರೆ ಮೊದಲಿನ ಎತ್ತರ ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ಕೆರೆಯಂಗಳ ಮೇಲೆ ಗಟ್ಟಿ, ಒಳಗೆ ಕೆಸರು. ದುರ್ಬೀನು ಜಾಗ ಬದಲಿಸುವಾಗ ಸ್ಟಾಫ್ (ಅಳತೆ ಪಟ್ಟಿ) ಅಲ್ಲಾಡದೆ ನಿಲ್ಲಬೇಕಾದ ಚೇಂಜ್ ಪಾಯಿಂಟಿನಲ್ಲಿ ಫೋರ್‌ಸೈಟ್ (ಕೊನೆಯ ರೀಡಿಂಗ್) ತೆಗೆದು, ಆಟೋ ಲೆವೆಲ್ ಎಂಬ ಆ ದುರ್ಬೀನನ್ನು ಮುಂದಕ್ಕೆ ಒಯ್ದು ಬ್ಯಾಕ್‌ಸೈಟ್ (ಹೊಸ ಜಾಗದಿಂದ ಮೊದಲ ರೀಡಿಂಗ್) ನೋಡುವಷ್ಟರಲ್ಲಿ ಸ್ಟಾಫ್ ಒಂದು ಸೆಂಟಿಮೀಟರ್ ಇಳಿದಿರುತ್ತಿತ್ತು. ಮುಂದಿನ ಆರ್‌ಎಲ್ (ಲೆಕ್ಕ ಹಾಕಿದ ಎತ್ತರ) ಎಲ್ಲ ಅಷ್ಟಷ್ಟೇ ಮೇಲಕ್ಕೆ. ರಾತ್ರಿ ರೂಮಿನಲ್ಲಿ ಕೂತು ಹುಡುಗರು ಅದನ್ನು "ಸರಿ" ಮಾಡಿಬಿಡುತ್ತಿದ್ದರು. ಕೊನೆಗೆ ವೆಲ್ಡಿಂಗ್ ಅಂಗಡಿಯಲ್ಲಿ ಅಂಗೈಗಿಂತ ದೊಡ್ಡ ಕಬ್ಬಿಣದ ಪ್ಲೇಟ್ ಮಾಡಿಸಿ, ನಡುವೆ ಬೋಲ್ಟ್ ತಲೆ ಕೂರಿಸಿ, ಸ್ಟಾಫ್ ಇಳಿಯದ ಹಾಗೆ ಅದರ ಮೇಲೆ ನಿಲ್ಲಿಸಿದೆ. ಒಂದಕ್ಕೆ ನೂರೈವತ್ತು ರೂಪಾಯಿ ಹತ್ತಿರ. ಆಮೇಲೆ ತಪ್ಪು 12√K ಮಿಲಿಮೀಟರ್ (K ಅಂದರೆ ಅಳೆದ ದೂರ, ಕಿಲೋಮೀಟರ್‌ಗಳಲ್ಲಿ) ಒಳಗೆ ಬಾರದ ಫೀಲ್ಡ್ ಬುಕ್ ನಾನು ಮುಟ್ಟಲೇ ಇಲ್ಲ. ಹನ್ನೊಂದು ಗಂಟೆ ದಾಟಿದರೆ ಬಿಸಿಲಿಗೆ ಸ್ಟಾಫ್ ಮೇಲಿನ ಅಂಕೆ ಕುಣಿಯುತ್ತದೆ, ಹಾಗಾಗಿ ಕೆಲಸ ಬೆಳಿಗ್ಗೆ ಆರಕ್ಕೇ ಶುರು.

ಕಾಪಿ ತಡೆಯಲು ಒಂದೊಂದು ತಂಡಕ್ಕೂ ಬೇರೆ ಬೇರೆ ಬೆಂಚ್‌ಮಾರ್ಕ್ ಬೆಲೆ, ಅಂದರೆ ಲೆಕ್ಕ ಶುರು ಮಾಡುವ ಎತ್ತರ, ಕೊಟ್ಟೆ. ಒಬ್ಬರಿಗೆ 100.000, ಇನ್ನೊಬ್ಬರಿಗೆ 87.365. ಕೆರೆಯಂಗಳವನ್ನು ಚೌಕ ಚೌಕ ಮಾಡಿದ ಗ್ರಿಡ್‌ನ ಎರಡು ಸಾಲು ಇಬ್ಬರಿಗೂ ಬರುವ ಹಾಗೆ ಹಂಚಿದ್ದೆ. ಸಂಜೆ ಆ ಸಾಲುಗಳಲ್ಲಿ ಒಂದು ತಂಡದ ಎತ್ತರದಿಂದ ಇನ್ನೊಂದರದ್ದು ಕಳೆದರೆ ಉದ್ದಕ್ಕೂ ಬೆಂಚ್‌ಮಾರ್ಕಿನ ವ್ಯತ್ಯಾಸವೇ ಬರಬೇಕು, ಅಷ್ಟೇ. ಇನ್ನೊಂದು ಪರೀಕ್ಷೆಯೂ ಇದೆ, ಮುಂದಿನ ಬ್ಯಾಚಿನವರು ಇದನ್ನು ಓದುತ್ತಾರೆ, ಹೇಳುವುದಿಲ್ಲ.

ಖರ್ಚು ತಲೆಗೆ ಸುಮಾರು 1,800 ರೂಪಾಯಿ. ದೂರ, ಕೋನ ಎರಡನ್ನೂ ಅಳೆಯುವ ಎಲೆಕ್ಟ್ರಾನಿಕ್ ಯಂತ್ರ ಟೋಟಲ್ ಸ್ಟೇಷನ್‌ನ ಬಾಡಿಗೆಯೇ ದಿನಕ್ಕೆ 1,500ರ ಹತ್ತಿರ, ಅದಕ್ಕೇ ಅದನ್ನು ಏರಿ ಮತ್ತು ಗಡಿಗೆ ಮಾತ್ರ ಬಳಸಿದೆ. ಅಡುಗೆ ಊರಿನವರಿಗೇ ವಹಿಸಿದೆ, ಕ್ಯಾಟರಿಂಗ್‌ನ ಅರ್ಧಕ್ಕೆ ಮುಗಿಯಿತು, ಊಟವೂ ಚೆನ್ನಾಗಿತ್ತು.

ನಡುವೆ ಸುಮ್ನೆ ಮೊಬೈಲಿನ ಜಿಪಿಎಸ್ ಎತ್ತರವನ್ನೂ ನೋಡಿದೆವು. ನಿಂತ ಜಾಗದಲ್ಲೇ ಮೀಟರ್‌ಗಟ್ಟಲೆ ಏರಿಳಿತ. ಆದರೆ ನೀರುಗಂಟಿ ಅಜ್ಜ ತೂಬಿನ ಕಲ್ಲಿನ ಮೇಲೆ ಒಂದು ಗೀರು ತೋರಿಸಿ, "ನೀರು ಇಲ್ಲಿಗೆ ಬಂದ್ರೆ ಕೋಡಿ ಹರೀತದೆ" ಎಂದರು. ಲೆವೆಲ್ ಇಟ್ಟು ನೋಡಿದರೆ ಕೋಡಿಗೂ ಆ ಗೀರಿಗೂ ನಾಲ್ಕೈದು ಸೆಂಟಿಮೀಟರ್ ಅಷ್ಟೇ ಅಂತರ! ಹುಡುಗರು ಆಮೇಲೆ ಅಜ್ಜನನ್ನು ಬಿಟ್ಟು ಅಲ್ಲಾಡಲಿಲ್ಲ.

ಹೂಳಿನ ಆಳಕ್ಕೆ 12 ಎಂಎಂ ಸರಳು ಚುಚ್ಚಿದೆವು. ಏರಿಯ ಹತ್ತಿರ ಒಂದು ಮೀಟರ್ ಮೇಲೆ, ಹಿನ್ನೀರಿನ ಕಡೆ ಗೇಣು. ರೈತರು ಮಣ್ಣು ತೆಗೆದ ಗುಂಡಿಯಲ್ಲಿ ಕಪ್ಪು ಹೂಳು ಮುಗಿದು ಕೆಂಪು ಮಣ್ಣು ಶುರುವಾಗುವ ಗೆರೆ ಕಾಣುತ್ತಿತ್ತು, ಸರಳಿನ ಲೆಕ್ಕ ಅದಕ್ಕೆ ಸರಿಯಾಗಿ ಹೊಂದಿತು. ಒಟ್ಟು 8,000 ಘನ ಮೀಟರ್ ಆಸುಪಾಸು. ಟ್ರ್ಯಾಕ್ಟರಿಗೆ ಮೂರು ಘನ ಮೀಟರ್ ಹಿಡಿದರೂ ಎರಡೂವರೆ ಸಾವಿರ ಲೋಡು ದಾಟುತ್ತದೆ. ಊರಿನವರಿಗೆ ಬೇಕಾಗಿದ್ದೂ ಲೋಡಿನ ಲೆಕ್ಕವೇ.

ಈಗ ಕೆರೆಗೆ ನೀರು ತರುವ ಕಾಲುವೆಯನ್ನೂ ಅಳೆದುಕೊಡಿ ಎನ್ನುತ್ತಿದ್ದಾರೆ. ಮುಂದಿನ ಬ್ಯಾಚಿಗೆ ಅದೇ ಕೆಲಸ, ಪ್ಲೇಟ್ ಇನ್ನೊಂದು ನಾಲ್ಕು ಮಾಡಿಸಬೇಕು.